ರೀಫ್ ಟ್ಯಾಂಕಿನ ಕೂದಲು ಪಾಚಿ ತೆಗೆಯುವುದು ಹೇಗೆ

ರೀಫ್ ಟ್ಯಾಂಕ್ ಅಂದರೆ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ. ಅದರಲ್ಲಿ ಕೂದಲು ಪಾಚಿ ಇದ್ದೂ ಟೆಸ್ಟ್ ಕಿಟ್ ಫಾಸ್ಫೇಟ್ (ಪಾಚಿಗೆ ಗೊಬ್ಬರವಾಗುವ ಪೋಷಕಾಂಶ) ಸೊನ್ನೆ ತೋರಿಸಿದರೆ ನಂಬಬೇಡಿ. ನೀರಿನಲ್ಲಿರುವುದನ್ನು ಪಾಚಿಯೇ ಹೀರಿಕೊಂಡಿರಬಹುದು. ಮೊದಲು ಕೈಕೆಲಸ: ಕಲ್ಲನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜುತ್ತಲೇ ಬಿಟ್ಟುಬಂದ ಪಾಚಿಯನ್ನು ಸೈಫನ್ ಪೈಪಿನಿಂದ ಎಳೆದುಬಿಡಿ. ತೇಲಿಹೋದ ಚೂರು ಬೇರೆಡೆ ಬೇರೂರುತ್ತದೆ. ವಾರಕ್ಕೆ ಶೇ. 10-15 ನೀರು ಬದಲಿಸಿ. ಬೋರ್‌ವೆಲ್ ನೀರು ಬೇಡ, ಮನೆಯ ಕುಡಿಯುವ ಆರ್‌ಒ ಕೂಡ ಸಾಲದು. ಆರ್‌ಒ ನೀರು ಡಿಐ ರಾಳ (ಉಳಿದ ಲವಣಗಳನ್ನು ಹಿಡಿಯುವ ಫಿಲ್ಟರ್) ದಾಟಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) 0 ಬರಬೇಕು. ದೀಪ ದಿನಕ್ಕೆ 8 ಗಂಟೆ ಸಾಕು. ಟರ್ಬೊ ಬಸವನಹುಳುಗಳು ಮೋಟು ಪಾಚಿಯನ್ನಷ್ಟೇ ಮೇಯುತ್ತವೆ, ಉದ್ದದ್ದನ್ನು ಮುಟ್ಟುವುದು ಕಡಿಮೆ.

ಜಿಎಫ್‌ಒ (ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡ್ ಹರಳು) ಹಾಕುವುದಾದರೆ ಸೂಚಿಸಿದ್ದರ ಅರ್ಧದಿಂದ ಶುರುಮಾಡಿ. ಫಾಸ್ಫೇಟ್ 0.03-0.1 ಪಿಪಿಎಂ, ಇನ್ನೊಂದು ಪೋಷಕಾಂಶವಾದ ನೈಟ್ರೇಟ್ 5-10 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು) ಇರಲಿ. ಆತುರಪಟ್ಟು ಎರಡನ್ನೂ ಸೊನ್ನೆಗಿಳಿಸಿದರೆ ಹವಳ ಬಿಳಿಚಿಕೊಳ್ಳುತ್ತದೆ, ಪಾಚಿಗಿಂತ ಹಟಮಾರಿಯಾದ ಕಂದು ಲೋಳೆ, ಡೈನೋಫ್ಲಾಜೆಲೇಟ್, ಹಬ್ಬುತ್ತದೆ.