ಬ್ಯಾಡಗಿ ರೌಟರ್‌ನಲ್ಲಿ ಇನ್ನೂ 1970

ಹುಬ್ಬಳ್ಳಿ ಅಮರಗೋಳದ ಎಪಿಎಂಸಿಯಲ್ಲಿ ಮೆಣಸಿನಕಾಯಿ ವ್ಯಾಪಾರಸ್ಥರೊಬ್ಬರ ಕಚೇರಿ, ಬ್ಯಾಡಗಿಯಲ್ಲಿ ಅವರ ಗೋದಾಮು. ಗೋದಾಮಿನ ತೂಕದ ಲೆಕ್ಕ ಹುಬ್ಬಳ್ಳಿಯ ಸರ್ವರ್‌ಗೆ ಬರಬೇಕು. ಎರಡೂ ಕಡೆ ರೌಟರ್ ಕೂರಿಸಿ ನಡುವೆ ಐಪಿಸೆಕ್ ವಿಪಿಎನ್, ಅಂದರೆ ಇಂಟರ್ನೆಟ್ ಮೇಲೆಯೇ ಹೊರಗಿನವರು ಓದಲಾಗದ ಒಂದು ಖಾಸಗಿ ದಾರಿ (ಟನಲ್), ಹಾಕುವ ಕೆಲಸ ನನಗೆ ಬಂತು.

ಮೊದಲು ಹಾಕಿದ್ದು ಪ್ರೀ-ಶೇರ್ಡ್ ಕೀ, ಎರಡೂ ಕಡೆ ಒಂದೇ ಗುಟ್ಟಿನ ಪದ. ಅದನ್ನು ಒಂದು ರೌಟರ್ ಇನ್ನೊಂದಕ್ಕೆ ಕಳಿಸುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಕಳಿಸುವುದಿಲ್ಲ. ರೌಟರ್‌ಗಳು ಪರಸ್ಪರ ಗುರುತು ಹಿಡಿಯುವ ಐಕೆಇ ಎಂಬ ಕ್ರಮದ ಎರಡನೇ ಆವೃತ್ತಿಯಲ್ಲಿ ಮೊದಲ ಎರಡು ಸಂದೇಶಗಳಿಗೆ, ಗುಟ್ಟನ್ನು ಕಳಿಸದೆಯೇ ಎರಡೂ ಕಡೆ ಒಂದೇ ಗುಟ್ಟು ಹುಟ್ಟಿಸುವ ಡಿಫಿ-ಹೆಲ್‌ಮನ್ ಲೆಕ್ಕ ಮುಗಿದು, ಮುಂದಿನ ಮಾತೆಲ್ಲ ಗೂಢಲಿಪಿಯಲ್ಲಿ ನಡೆಯುತ್ತದೆ. ಆಮೇಲೆ ರೌಟರ್ ತನ್ನ ಐಡಿ ಹೇಳಿ, ಆ ಕೀ ಮತ್ತು ಈಗಷ್ಟೇ ಆದ ಮಾತುಕತೆ ಎರಡನ್ನೂ ಕಲಸಿ ತೆಗೆದ ಒಂದು ಮೊತ್ತ ಕೊಡುತ್ತದೆ. ಎದುರಿನದು ತಾನೂ ಅದೇ ಲೆಕ್ಕ ಮಾಡಿ ತಾಳೆ ನೋಡುತ್ತದೆ.

ನನ್ನದು ತಾಳೆಯಾಗಲಿಲ್ಲ. ಲಾಗ್ ತುಂಬ ‘ಆಥೆಂಟಿಕೇಶನ್ ಫೇಲ್ಡ್’. ಕೀ ತಪ್ಪಿರಬೇಕೆಂದು ಮಧ್ಯಾಹ್ನದ ತನಕ ಅದನ್ನೇ ಮತ್ತೆ ಮತ್ತೆ ಹೊಡೆದೆ. ಕೀ ಸರಿಯೇ ಇತ್ತು. ಬ್ಯಾಡಗಿಯ ರೌಟರ್ ಇಂಟರ್ನೆಟ್‌ನವರ ಮೋಡೆಮ್ ಹಿಂದೆ ಕೂತು, ತನ್ನ ಹೆಸರು 192.168.1.2 ಎಂಬ ಒಳಗಿನ ವಿಳಾಸ ಎನ್ನುತ್ತಿತ್ತು, ಹುಬ್ಬಳ್ಳಿಯದು ಹೊರಗೆ ಕಾಣುವ ವಿಳಾಸವಾದ ಪಬ್ಲಿಕ್ ಐಪಿಯ ಹೆಸರು ಕಾಯುತ್ತಿತ್ತು. ಐಡಿಯಲ್ಲಿ ವಿಳಾಸ ತೆಗೆದು ‘ಬ್ಯಾಡಗಿ-ಗೋದಾಮು’ ಎಂದು ಬರೆದೆ. ಮೋಡೆಮ್ ಒಳಗಿನ ವಿಳಾಸವನ್ನು ಹೊರಗಿನದಕ್ಕೆ ಬದಲಿಸುತ್ತಿದ್ದದ್ದರಿಂದ (ಇದೇ ನ್ಯಾಟ್) ಯುಡಿಪಿ 500ನೇ ಪೋರ್ಟ್ ಜೊತೆ 4500ನ್ನೂ ತೆರೆದುಬಿಟ್ಟೆ. ಟನಲ್ ಬಂತು.

ರಾಣೆಬೆನ್ನೂರು, ಗದಗದ ರೌಟರ್‌ಗಳೂ ಸೇರಿದಾಗ ಎಲ್ಲ ಕಡೆಗೂ ಅದೇ ಕೀ ಹಾಕಿದ್ದು ಶುದ್ಧ ಸೋಮಾರಿತನ. ಕೆಲಸ ಬಿಟ್ಟು ಹೋದ ಹುಡುಗನ ಮೊಬೈಲಿನಲ್ಲಿ ಆ ಕೀಯ ಫೋಟೋ ಇದೆ ಎಂದು ಗೊತ್ತಾದ ದಿನವೇ, ಪ್ರತಿ ರೌಟರ್‌ಗೂ ಬೇರೆ ಗುರುತಿನ ಚೀಟಿಯಂತಿದ್ದು ಚಾಲ್ತಿಯ ಅವಧಿ ಬರೆದಿರುವ ಸರ್ಟಿಫಿಕೇಟ್‌ಗೆ ಬದಲಾಯಿಸಿದೆ. ನನ್ನ ಲ್ಯಾಪ್‌ಟಾಪಿನಲ್ಲೇ ಒಂದು ಸಿಎ, ಅಂದರೆ ಸರ್ಟಿಫಿಕೇಟಿಗೆ ಸಹಿ ಹಾಕುವ ಅಧಿಕಾರಿ, ಮಾಡಿ, ಪ್ರತಿ ರೌಟರ್‌ನ ಸರ್ಟಿಫಿಕೇಟಿಗೆ ಅದರಿಂದ ಸಹಿ ಹಾಕಿದೆ. ಸರ್ಟಿಫಿಕೇಟಿಗೆ ಜೋಡಿಯಾದ ಗುಟ್ಟಿನ ಪ್ರೈವೇಟ್ ಕೀ ಆಯಾ ರೌಟರ್‌ನಲ್ಲೇ ಹುಟ್ಟಿ ಅಲ್ಲೇ ಉಳಿಯಿತು.

ಒಂದು ಮಳೆಯ ರಾತ್ರಿ ಬ್ಯಾಡಗಿಯಲ್ಲಿ ಕರೆಂಟ್ ಹೋಯಿತು. ಬೆಳಿಗ್ಗೆ ಫೋನು: “ಸರ್, ಕರೆಂಟ್ ಬಂದೈತ್ರಿ, ಸರ್ವರ್ ಬರವಲ್ದ್ರಿ.” ಹುಬ್ಬಳ್ಳಿ ಲಾಗ್‌ನಲ್ಲಿ ಟನಲ್ ಎದ್ದಿತೆಂದು ಬರೆದಿತ್ತು, ಮರುಸಾಲಿನಲ್ಲೇ ಬಿದ್ದಿತೆಂದು. ಇಲ್ಲಿಂದ ಎಲ್ಲ ಸರಿ, ಬೇಡ ಎನ್ನುತ್ತಿದ್ದದ್ದು ಆ ಕಡೆಯದು.

“ರೌಟರ್‌ನ್ಯಾಗ ತಾರೀಕು ಏನ್ ತೋರಸ್ತದ ನೋಡ್ರಿ.”

“ಜನವರಿ 1, 1970 ಐತ್ರಿ.”

ಆ ರೌಟರ್‌ಗೆ ಗಡಿಯಾರದ ಬ್ಯಾಟರಿಯೇ ಇರಲಿಲ್ಲ, ಕರೆಂಟ್ ಹೋದರೆ ಅದರ ಎಣಿಕೆ 1970ರಿಂದಲೇ ಮತ್ತೆ ಶುರು. ಅದರ ಲೆಕ್ಕದಲ್ಲಿ ಹುಬ್ಬಳ್ಳಿಯ ಸರ್ಟಿಫಿಕೇಟ್ ಇನ್ನೂ ಚಾಲ್ತಿಗೇ ಬಂದಿರಲಿಲ್ಲ. ಸಮಯ ಕೇಳಲು ನಾನು ಕೊಟ್ಟಿದ್ದ ಎನ್‌ಟಿಪಿ ಸರ್ವರ್ ಎಲ್ಲಿತ್ತು? ಹುಬ್ಬಳ್ಳಿಯಲ್ಲಿ, ಟನಲ್‌ನ ಆಚೆ! ಸಮಯ ಸಿಗದೆ ಟನಲ್ ಇಲ್ಲ, ಟನಲ್ ಇಲ್ಲದೆ ಸಮಯ ಇಲ್ಲ. ಬೀಗದ ಕೈಯನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡವನು ನಾನೇ.

ಫೋನಿನಲ್ಲೇ ಹೇಳಿ ತಾರೀಕು ಕೈಯಿಂದ ಹಾಕಿಸಿದೆ. ಮರುದಿನ ಬ್ಯಾಡಗಿಗೆ ಹೋಗಿ, ಎನ್‌ಟಿಪಿಯನ್ನು ನೇರ ಇಂಟರ್ನೆಟ್‌ಗೆ ತಿರುಗಿಸಿ, ರೌಟರ್‌ನ ಪ್ಲಗ್ ಕಿತ್ತು, ಐದು ನಿಮಿಷ ಬಿಟ್ಟು ಮತ್ತೆ ಹಾಕಿದೆ. 1970 ಕಂಡಿತು, ಸ್ವಲ್ಪ ಹೊತ್ತಿಗೆ ಇವತ್ತಿನ ತಾರೀಕು, ಅದರ ಹಿಂದೆಯೇ ಟನಲ್.