ಮಾರ್ಕ್‌ಡೌನ್‌ನಲ್ಲಿ ಪದ್ಯ: ಸಾಲು ಸಾಲಾಗಿಯೇ ಉಳಿಯಲು ಏನು ಮಾಡಬೇಕು?

ಮಾರ್ಕ್‌ಡೌನ್ ಅಂದರೆ ಸರಳ ಗುರುತುಗಳನ್ನು ಟೈಪ್ ಮಾಡಿ ಬರಹದ ರೂಪ ಹೇಳುವ ಒಂದು ಪದ್ಧತಿ (ಮಾರ್ಕಪ್). ಅದರಲ್ಲಿ ಷಟ್ಪದಿಯ ಆರು ಸಾಲುಗಳನ್ನು ಒಂದರ ಕೆಳಗೊಂದು ಟೈಪ್ ಮಾಡಿ ಪ್ರಿವ್ಯೂ ತೆರೆದರೆ ಆರೂ ಕೂಡಿಕೊಂಡು ಒಂದೇ ಪ್ಯಾರಾ ಆಗಿರುತ್ತವೆ. ಸಾಲಿನ ಎರಡನೆಯ ಅಕ್ಷರದ ಪ್ರಾಸ ಆಗ ಗದ್ಯದ ನಡುವೆ ಹೂತುಹೋಗುತ್ತದೆ. ಜಾನ್ ಗ್ರೂಬರ್ 2004ರಲ್ಲಿ ಮಾರ್ಕ್‌ಡೌನ್ ಹೊರತಂದಾಗಿನಿಂದಲೂ ನಿಯಮ ಇದೇ: ನಡುವೆ ಖಾಲಿ ಸಾಲು ಬರುವವರೆಗೆ ಎಲ್ಲವೂ ಒಂದು ಪ್ಯಾರಾ. ಗದ್ಯಕ್ಕೆ ಇದು ಅನುಕೂಲ. ಪದ್ಯಕ್ಕೆ ಮಾತ್ರ ಪ್ರತಿ ಸಾಲಿನ ಕೊನೆಯನ್ನೂ ನಾವೇ ಹೇಳಿಕೊಡಬೇಕು.

ಮೊದಲು ಉದ್ಧರಣೆಯ ಗುರುತು. ಪ್ರತಿ ಸಾಲಿನ ಆರಂಭದಲ್ಲಿ > ಹಾಕಿ ಒಂದು ಸ್ಪೇಸ್ ಬಿಡಿ. ಆಮೇಲೆ ಸಾಲಿನ ಕೊನೆಯಲ್ಲಿ \ ಹಾಕಿ:

> ಮಳೆಯು ಬಂದಿತು ಮನೆಯ ಮಾಡಿಗೆ\
> ಹೊಳೆಯು ಹರಿಯಿತು ಹೊಲದ ಅಂಚಿಗೆ\
> ಇಳೆಯ ಮೈಯಲಿ ಹಸಿರು ಚಿಗುರಿತು ಬೆಳೆಯ ಕನಸಿನೊಳು
>
> — ಕವಿಯ ಹೆಸರು

ಕೊನೆಯ ಸಾಲಿಗೆ \ ಬೇಡ. ಪ್ಯಾರಾ ಮುಗಿಯುವ ಜಾಗದಲ್ಲಿ ಅದಕ್ಕೆ ಕೆಲಸವಿಲ್ಲ, ಹಾಗೇ ಅಚ್ಚಾಗಿಬಿಡುತ್ತದೆ. \ ಆದಮೇಲೆ ಒಂದು ಸ್ಪೇಸ್ ಉಳಿದಿದ್ದರೂ ಸಾಲು ಒಡೆಯುವುದಿಲ್ಲ. ಹಳೆಯ ಪದ್ಧತಿಯಲ್ಲಿ ಸಾಲಿನ ಕೊನೆಗೆ ಎರಡು ಸ್ಪೇಸ್ ಬಿಡುತ್ತಿದ್ದರು. ಈಗಲೂ ಅದು ನಡೆಯುತ್ತದೆ. ಆದರೆ ಸ್ಪೇಸ್ ಕಣ್ಣಿಗೆ ಕಾಣದು, ಮೇಲಾಗಿ ಸೇವ್ ಮಾಡುವಾಗ ಸಾಲಿನ ಕೊನೆಯ ಖಾಲಿ ಜಾಗವನ್ನು ಅಳಿಸುವ ಸೆಟ್ಟಿಂಗ್ ಅನೇಕ ಎಡಿಟರ್‌ಗಳಲ್ಲಿದೆ. ಇಡೀ ಸಂಕಲನದ ಸಾಲುಗಳು ಒಂದೇ ಸೇವ್‌ಗೆ ಕೂಡಿಹೋಗಬಹುದು. ಆದ್ದರಿಂದ \ ಬಳಸುವುದೇ ಕ್ಷೇಮ. ಕಾಮನ್‌ಮಾರ್ಕ್ ಎಂಬ, ಮಾರ್ಕ್‌ಡೌನ್‌ನ ಖಚಿತ ನಿಯಮಾವಳಿಯನ್ನು ಪಾಲಿಸುವ ತಂತ್ರಾಂಶಗಳೂ, ಕಡತವನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವ ಪ್ಯಾಂಡಾಕ್ ಕೂಡ ಇದನ್ನು ಒಪ್ಪುತ್ತವೆ.

ಎರಡು ನುಡಿಗಳ ನಡುವಿನ ಖಾಲಿ ಸಾಲಿಗೂ > ಇರಲಿ. ಬಿಟ್ಟರೆ ಕಾಮನ್‌ಮಾರ್ಕ್‌ನಲ್ಲಿ ಒಂದೇ ಪದ್ಯ ಎರಡು ಬೇರೆ ಉದ್ಧರಣೆಗಳಾಗುತ್ತದೆ. ಇದರ ತಿರುಗಾಮುರುಗಾ ತಪ್ಪೂ ಉಂಟು: ಉದ್ಧರಣೆ ಮುಗಿದ ಮೇಲೆ ಖಾಲಿ ಸಾಲು ಬಿಡದೆ ನಿಮ್ಮ ಮಾತು ಶುರುಮಾಡಿದರೆ, > ಇಲ್ಲದಿದ್ದರೂ ಅದು ಕವಿಯ ಮಾತಿಗೇ ಸೇರಿಕೊಳ್ಳುತ್ತದೆ.

ಕವಿಯ ಹೆಸರಿನ ಹಿಂದೆ ಉದ್ದಗೆರೆ (—) ಹಾಕಿ. ಒಂದು ಚಿಕ್ಕ ಗೆರೆ ಮತ್ತು ಸ್ಪೇಸ್ ಹಾಕಿದರೆ ಹೆಸರು ಪಟ್ಟಿಯ ಅಂಶವಾಗಿ ಗುಂಡುಚುಕ್ಕೆಯೊಂದಿಗೆ ಕೂರುತ್ತದೆ. ಉದ್ಧರಣೆಯೊಳಗೇ, ಪದ್ಯದ ಕೆಳಗೇ > --- ಎಳೆದರೆ ಕಾಮನ್‌ಮಾರ್ಕ್‌ನಲ್ಲಿ ಇನ್ನೂ ಕಷ್ಟ, ಮೇಲಿನ ಪದ್ಯವೆಲ್ಲ ದಪ್ಪಕ್ಷರದ ಶೀರ್ಷಿಕೆ ಆಗುತ್ತದೆ. ಪದ್ಯಸಂಖ್ಯೆಯನ್ನು 1. ಎಂದು ಬರೆದರೂ ಪಟ್ಟಿ ಶುರುವಾಗುತ್ತದೆ, 1\. ಎಂದು ಬರೆಯಿರಿ. ಕನ್ನಡದ ೧. ಬಳಸಿದರೆ ಕಾಮನ್‌ಮಾರ್ಕ್‌ನಲ್ಲಿ ಈ ತೊಂದರೆಯೇ ಇಲ್ಲ, ಅದು 0ಯಿಂದ 9ರವರೆಗಿನ ಅಂಕಿಗಳನ್ನಷ್ಟೇ ಪಟ್ಟಿಯ ಗುರುತಾಗಿ ನೋಡುತ್ತದೆ.

ಸಾಲನ್ನು ಒಳಕ್ಕೆ ಸರಿಸುವುದು ಬೇರೆಯೇ ಸಮಸ್ಯೆ. ಪ್ಯಾರಾದ ಆರಂಭದಲ್ಲೇ ನಾಲ್ಕು ಸ್ಪೇಸ್ ಕೊಟ್ಟರೆ ಮಾರ್ಕ್‌ಡೌನ್ ಅದನ್ನು ಕೋಡ್ ಎಂದು ತಿಳಿಯುತ್ತದೆ. ನಡುವಿನ ಸಾಲಿಗೆ ಕೊಟ್ಟರೆ ಸ್ಪೇಸ್ ಮಾಯ. ಇಲ್ಲಿ ನೆರವಿಗೆ ಬರುವುದು ಸಾಲುಕಟ್ಟು. ಮಾರ್ಕ್‌ಡೌನ್‌ನಂಥದೇ ಇನ್ನೊಂದು ಪದ್ಧತಿಯಾದ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್‌ನಲ್ಲೂ ಪ್ಯಾಂಡಾಕ್‌ನ ಮಾರ್ಕ್‌ಡೌನ್‌ನಲ್ಲೂ ಪ್ರತಿ ಸಾಲಿನ ಮುಂದೆ | ಮತ್ತು ಒಂದು ಸ್ಪೇಸ್ ಹಾಕಿದರೆ ಸಾಕು:

| ಮಳೆಯು ಬಂದಿತು ಮನೆಯ ಮಾಡಿಗೆ
| ಹೊಳೆಯು ಹರಿಯಿತು ಹೊಲದ ಅಂಚಿಗೆ
|     ಇಳೆಯ ಮೈಯಲಿ ಹಸಿರು ಚಿಗುರಿತು
  ಬೆಳೆಯ ಕನಸಿನೊಳು

ಇಲ್ಲಿ \ ಬೇಕಿಲ್ಲ, ಒಳಸರಿದ ಜಾಗವೂ ಹಾಗೇ ಉಳಿಯುತ್ತದೆ. ಕೊನೆಯ ಸಾಲು ಸ್ಪೇಸ್‌ನಿಂದ ಶುರುವಾದ್ದರಿಂದ ಮೇಲಿನದರ ಮುಂದುವರಿಕೆಯಾಗಿ ಅದಕ್ಕೇ ಸೇರುತ್ತದೆ. ಕಾಮನ್‌ಮಾರ್ಕ್‌ಗೆ ಮಾತ್ರ ಸಾಲುಕಟ್ಟು ಗೊತ್ತಿಲ್ಲ. ಅಲ್ಲಿ ಗೆರೆಗಳೂ ಅಚ್ಚಾಗಿ ಸಾಲುಗಳೂ ಕೂಡಿಕೊಳ್ಳುತ್ತವೆ.

ದಾಸರ ಪದಗಳನ್ನು ಟೈಪ್ ಮಾಡುವವರು ಇನ್ನೊಂದನ್ನು ಗಮನಿಸಬೇಕು. ಪಲ್ಲವಿಯ ಗುರುತಿಗೆ ಕೀಬೋರ್ಡಿನ | ಒತ್ತುವ ಅಭ್ಯಾಸ ಬಹಳ ಮಂದಿಗಿದೆ. |ಪ| ಎಂದು ಬರೆದರೆ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಅದನ್ನು ಬದಲಿಪದದ (ಬೇರೆಡೆ ಬರೆದಿಟ್ಟದ್ದನ್ನು ಆ ಜಾಗಕ್ಕೆ ತಂದು ಕೂರಿಸುವ) ಗುರುತೆಂದು ತಿಳಿದು, ಅಂಥದ್ದು ಎಲ್ಲೂ ಇಲ್ಲವೆಂದು ದೋಷ ತೋರಿಸುತ್ತದೆ. ಯೂನಿಕೋಡ್‌ನಲ್ಲಿ ದಂಡಕ್ಕೆ (।), ಜೋಡಿ ದಂಡಕ್ಕೆ (॥) ಪ್ರತ್ಯೇಕ ಅಕ್ಷರಗಳೇ ಇವೆ. ಅವು ದೇವನಾಗರಿ ವಿಭಾಗದಲ್ಲಿದ್ದರೂ ಕನ್ನಡಕ್ಕೂ ಅವೇ. ॥ಪ॥ ಎಂದು ಬರೆದರೆ ಯಾವ ಮಾರ್ಕಪ್ಪೂ ತಕರಾರು ಮಾಡುವುದಿಲ್ಲ.