ಹಳೆ ಆಟೋಮ್ಯಾಟಿಕ್ ಕಾರಿನ ಗೇರ್ ಜಾರ್ತಾ ಉಂಟಾ? ಮೊದ್ಲು ಟಿಶ್ಯೂ ಮೇಲೆ ಆಯಿಲ್ ನೋಡಿ
ಗೇರ್ ತಡವಾಗಿ ಬೀಳ್ತಾ ಉಂಟು, ಬದಿಯಡ್ಕ ಕಡೆಯ ಏರಿನಲ್ಲಿ ಇಂಜಿನ್ ಬೊಬ್ಬೆ ಹಾಕ್ತದೆ ಗಾಡಿ ಮಾತ್ರ ಎಳೆಯುದಿಲ್ಲ ಅಂತಾದ್ರೆ ಗೇರ್‌ಬಾಕ್ಸ್ ಬಿಚ್ಚಿಸುವ ಮೊದ್ಲು ಅದ್ರ ಡಿಪ್‌ಸ್ಟಿಕ್ಕಿಂದ (ಆಯಿಲ್ ಲೆವೆಲ್ ನೋಡುವ ಕಡ್ಡಿ) ಎರಡು ಹನಿ ಆಯಿಲ್ ಬಿಳಿ ಟಿಶ್ಯೂ ಮೇಲೆ ಬಿಟ್ಟು ನೋಡಿ, ಮೂಸಿಯೂ ನೋಡಿ. ಕೆಂಪಗೆ ತಿಳಿಯಾಗಿ ಹರಡಿದ್ರೆ ಒಳ್ಳೇದು. ಕಪ್ಪಾಗಿ ನಡುವಲ್ಲೇ ನಿಂತು ಸುಟ್ಟ ವಾಸನೆ ಬಂದ್ರೆ ಒಳಗಿನ ಕ್ಲಚ್ ಪ್ಲೇಟಿನ ಪದರ ಸವೆದು ಆಯಿಲಿಗೆ ಸೇರಿದೆ, ಆಗ ಬರೀ ಆಯಿಲ್ ಬದಲಿಸಿದ್ರೆ ಸರಿ ಆಗುದು ಕಷ್ಟ. ಹಾಲು ಬೆರೆಸಿದ ಹಾಗೆ ನಸುಗೆಂಪು ಇದ್ರೆ ನೀರು ಸೇರಿದೆ, ಹೆಚ್ಚಾಗಿ ರೇಡಿಯೇಟರ್ ಒಳಗಿನ ಆಯಿಲ್ ಕೂಲರ್ ಒಡೆದಿರ್ತದೆ, ದಯವಿಟ್ಟು ಮತ್ತೆ ಓಡಿಸ್ಬೇಡಿ, ಟೋ ಮಾಡಿಸಿ. ಲೆವೆಲ್ಲೂ ಅದೇ ಹೊತ್ತಿಗೆ ನೋಡಿ, ಕಮ್ಮಿ ಇದ್ರೆ ಪಂಪ್ ಗಾಳಿ ಎಳೆದು ಪ್ರೆಶರ್ ಬೀಳ್ತದೆ, ಗೇರ್ ಜಾರುದು ಅದಕ್ಕೇ. ಗಾಡಿ ಬಿಸಿ ಆಗಿರ್ಬೇಕು, ಸಮತಟ್ಟಾದ ಜಾಗ, ಹೆಚ್ಚಿನ ಗಾಡಿಗಳಲ್ಲಿ ಇಂಜಿನ್ ಆನ್ ಇಟ್ಟೇ ನೋಡುದು, ಆದ್ರೆ ಹಳೆ ಹೋಂಡಾಗಳಲ್ಲಿ ಆಫ್ ಮಾಡಿ ನೋಡ್ಬೇಕು, ಮ್ಯಾನುಯಲ್ ಒಮ್ಮೆ ತೆಗೆದು ಓದಿ. ಇತ್ತೀಚೆಗೆ ಆಯಿಲ್ ಬದಲಿಸಿದ್ರೆ ಈ ಪರೀಕ್ಷೆ ನಂಬ್ಲಿಕ್ಕಾಗುದಿಲ್ಲ, ಹಳೆ ಸವೆತ ಕಾಣುದೇ ಇಲ್ಲ. ಸೋಲೆನಾಯ್ಡ್ (ಆಯಿಲ್ ಹರಿವನ್ನು ನಿಯಂತ್ರಿಸುವ ಕರೆಂಟಿನ ವಾಲ್ವ್), ಸೆನ್ಸರ್ ಹಾಳಾದ್ರೂ ಆಯಿಲ್ ಚಂದವೇ ಇರ್ತದೆ, ಅದಕ್ಕೆ ಸ್ಕ್ಯಾನರ್ ಹಾಕಿ ಎರರ್ ಕೋಡ್ ಓದಿಸ್ಬೇಕು. ಡಿಪ್‌ಸ್ಟಿಕ್ಕೇ ಇಲ್ಲದ ಸೀಲ್ಡ್ ಗೇರ್‌ಬಾಕ್ಸ್ ಆದ್ರೆ ಮನೆಯಲ್ಲಿ ಆಗುದಿಲ್ಲ, ಗಾಡಿ ಲಿಫ್ಟ್ ಮಾಡಿಯೇ ನೋಡ್ಬೇಕಷ್ಟೆ.